ಓಬಯ್ಯನ ಕಿವಿ

"ಕೈ ಸಡ್ಲ ಬಿಡೇ ಬೋರಿ, ಬಳೆ ಒಡೆದೀತು!" ಎನ್ನುತ್ತ ನಾಗಕ್ಕ ತಮ್ಮನ ಹೆಂಡತಿಯ ಮುಂಗೈ ಎಳೆದುಕೊಂಡು ಹಸಿರು ಗಾಜಿನ ಬಳೆ ತುರುಕುತ್ತಿದ್ದಳು.

"ಒಡೆಯಾಕೇ ಅಲ್ವಾ ತೊಡ್ಸೋದು?" ಎಂದಳು ಬೋರಕ್ಕ.

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಮುಂದೆ ಹೆಣವಿರುವುದು ನೆನಪಾಗಿ ಬಾಯಿಗೆ ಸೆರಗಿಟ್ಟುಕೊಂಡರು.

"ಮಣ್ಣು ಮಾಡೋ ಜಾಗದಾಗೆ ಒಡೀಬೇಕು, ಈಗಲ್ಲ. ಗಂಡ ಬದುಕಿರುವಾಗ್ಲೇ ಬಳೆ ಬಿಚ್ಚಿ ಗ್ಯಾರೇಜಿನ ಮೊಳೆಗೆ ನೇತಾಕಿದ್ಯಲ್ಲ, ಅದ್ಕೇ ಹೋದ ನನ್ ತಮ್ಮ."

ಚಳ್ಳಕೆರೆಯ ಪರಶುರಾಂಪುರ ರಸ್ತೆಯ ತಗಡಿನ ಶೆಡ್ಡಿನ ಮುಂದೆ, ತಾನೇ ಮೂವತ್ತು ವರ್ಷ ಕೂತು ಸವೆಸಿದ ಬೆಂಚಿನ ಮೇಲೆ ಓಬಯ್ಯ ಮಲಗಿದ್ದ. ಹಾರ ತಂದ ಕಾರಿನವರೆಲ್ಲ ಒಂದೇ ಮಾತಾಡುತ್ತಿದ್ದರು: "ಏನ್ ಕಿವಿ ಮಾರಾಯ ಅವಂದು! ಇಂಜಿನ್ ಸದ್ದು ಕೇಳಿ ಯಾವ ಸಿಲಿಂಡರು ಸತ್ತೈತೆ ಅಂತ ನಿಂತಲ್ಲೇ ಹೇಳ್ತಿದ್ದ."

ಮೈದುನ ಗಂಗರಾಜು ಹತ್ತಿರ ಬಂದು ದನಿ ತಗ್ಗಿಸಿದ. "ಅತ್ಗೆ, ಶೆಡ್ಡಿನ ಬೀಗದ ಕೈ ಕೊಡ್ರಿ. ಇನ್ಮ್ಯಾಲೆ ನಾನೇ ನೋಡ್ಕಂತೀನಿ. ನೀವು ಊರಾಗೆ, ನನ್ನಿವಾಳದಾಗೆ, ಆರಾಮಾಗಿರ್ರಿ."

"ನೀನು ಟ್ಯಾಕ್ಟ್ರು ಬಿಚ್ಚೋನು. ಕಾರೂ ಅದೂ ಒಂದೇ ಏನಪ್ಪ?"

"ಕಲ್ತ್ಕಂತೀನಿ. ಹೆಂಗಸು ಗ್ಯಾರೇಜ್ ನಡ್ಸಿದ್ರೆ ಯಾರ್ ಬರ್ತಾರೆ? ನೀವು ಅಣ್ಣಂಗೆ ಬುತ್ತಿ ತರ್ತಿದ್ರಿ, ಅಷ್ಟೇ ತಾನೆ?"

ಬೋರಕ್ಕ ಸೊಂಟದಲ್ಲಿ ಸಿಕ್ಕಿಸಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡಳು. ಬಾಯಿ ಬಿಟ್ಟರೆ ಸತ್ತ ಗಂಡನ ಹೆಸರು ಹೋಗುತ್ತದೆ. ಬಿಡದಿದ್ದರೆ ಶೆಡ್ಡು ಹೋಗುತ್ತದೆ.

"ಮೊದ್ಲು ಮಣ್ಣಾಗ್ಲಿ" ಎಂದಳು.

*

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬುತ್ತಿ ತಂದಾಗ ಓಬಯ್ಯ ಒಂದು ಕಾರಿನ ಬಾನೆಟ್ಟಿನೊಳಗೆ ಬಗ್ಗಿದ್ದ. ಇಂಜಿನ್ ಓಡುತ್ತಿದ್ದಂತೆಯೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಿದ್ದ. ಬದುಕಿರುವ ಸಿಲಿಂಡರಿನ ವೈರು ಕಿತ್ತರೆ ಇಂಜಿನ್ ಏದುಸಿರು ಬಿಡುತ್ತದೆ. ಸತ್ತಿರುವುದರ ವೈರು ಕಿತ್ತರೆ ಸದ್ದು ಇದ್ದ ಹಾಗೇ ಇರುತ್ತದೆ. ನಾಲ್ಕನ್ನೂ ಮೂರು ಸಲ ಕಿತ್ತಾಗಿತ್ತು. ಹಣೆಯ ಬೆವರು ಇಂಜಿನ್ ಮೇಲೆ ಬಿದ್ದು ಚುರ್ ಎನ್ನುತ್ತಿತ್ತು. ಕಾರಿನವನು ಗಡಿಯಾರ ನೋಡುತ್ತಿದ್ದ.

"ನಾಕ್ನೇದು ಕಣ್ರಿ" ಎಂದಳು ಬೋರಕ್ಕ. ಅವನಿಗೆ ಅದೂ ಕೇಳಲಿಲ್ಲ. ನಾಲ್ಕು ಬೆರಳೆತ್ತಿದಳು.

ಕಾರು ಹೋದ ಮೇಲೆ ಅವನು ಅದೇ ಬೆಂಚಿನ ಮೇಲೆ ಕುಸಿದು ಕೂತ. "ನಂಗೆ ಎಲ್ಲಾ ಒಂದೇ ಥರ ಕೇಳ್ತೈತೆ ಬೋರಿ. ಎಲ್ಲಾನೂ ಸತ್ತಂಗೆ. ಯಾರ್ಗೂ ಹೇಳ್ಬ್ಯಾಡ."

ಮರುದಿನ ಅವನೇ ಅವಳ ಕೈಗೆಟಕುವಂತೆ ಗೋಡೆಗೊಂದು ಮೊಳೆ ಹೊಡೆದ. ಬಳೆ ಬಿಚ್ಚಿ ಅದಕ್ಕೆ ನೇತುಹಾಕಬೇಕು; ಬಳೆ ಸದ್ದು ಮಾಡಿದರೆ ಇಂಜಿನ್ ಕೇಳಲು ಅಡ್ಡ ಬರುತ್ತದಲ್ಲ. ಅಂದಿನಿಂದ ಅವಳು ಕಾರಿನವರ ಬೆನ್ನ ಹಿಂದೆ ನಿಂತು ಬೆರಳೆತ್ತುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ಹೊಗಳಿಕೆಯೆಲ್ಲ ಅವನದು. 'ಅವಳು ಹೇಳಿದ್ದು' ಎಂಬ ಮಾತು ಆರು ವರ್ಷದಲ್ಲಿ ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ. ಆ ತಲೆಯಾಟದ ಮೇಲೆ ಬೋರಕ್ಕನಿಗೆ ಪ್ರೀತಿಯೂ ಇತ್ತು, ಹೊಟ್ಟೆಯೊಳಗೆ ಕೆಂಡದಂಥ ಸಿಟ್ಟೂ ಇತ್ತು.

*

ಹೆಣದ ವ್ಯಾನು ಊರು ದಾಟುವ ಮೊದಲೇ ಬೋರಕ್ಕನಿಗೆ ಗೊತ್ತಾಗಿತ್ತು. ಕಾಲಿಗೆ ಮುಳ್ಳು ಚುಚ್ಚಿದ ಕುರಿಯ ಹಾಗೆ ಇಂಜಿನ್ ಕುಂಟುತ್ತಿತ್ತು. ನನ್ನಿವಾಳದ ದಾರಿಯ ಏರಿನಲ್ಲಿ, ಶೇಂಗಾ ಹೊಲಗಳ ನಡುವೆ, ಅದು ಇನ್ನು ಹತ್ತಲಾರೆನೆಂದು ನಿಂತೇಬಿಟ್ಟಿತು.

"ಮಿಸ್ ಹೊಡೀತೈತಲ್ಲಪ್ಪ" ಎಂದ ಡ್ರೈವರ್ ಯರ್ರಪ್ಪ. "ಓಬಯ್ಯ ಮೇಸ್ತ್ರಿ ಇದ್ದಿದ್ರೆ..." ಎಂದವನು ಹಿಂದಕ್ಕೆ ತಿರುಗಿ ನೋಡಿ, "ಅದಾನೆ, ಎದ್ದೇಳಲ್ಲ" ಎಂದ.

ಗಂಗರಾಜು ಹಿಂದಿನಿಂದ ಇಳಿದು ಬಂದ. "ಡೀಸೆಲ್‌ನಾಗೆ ಗಾಳಿ ಹಿಡಿದಿರ್ಬೇಕು."

"ಲೇ ಗಂಗ, ಇದು ಪೆಟ್ರೋಲ್ ಗಾಡಿ ಕಣಲೇ!"

ಆದರೂ ಅವನು ಪೈಪು ಬಿಚ್ಚಿ ಊದಿದ, ಬಾಯಿಗೆ ಬಂದ ಪೆಟ್ರೋಲನ್ನು ಥೂ ಎಂದು ಉಗಿದ. ಮತ್ತೆ ಸ್ಟಾರ್ಟ್ ಮಾಡಿದರೆ ವ್ಯಾನು ಗಡಗಡ ನಡುಗಿತು. ಒಳಗೆ ಓಬಯ್ಯನ ತಲೆ ಬೇಡ ಬೇಡ ಎಂಬಂತೆ ಅತ್ತಿತ್ತ ಹೊರಳಿತು. ನಾಗಕ್ಕ ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದಳು.

ಬೋರಕ್ಕ ಇಳಿದು ಮುಂದಿನ ಸೀಟನ್ನು ಎತ್ತಿದಳು. ಇಂಜಿನ್ ಅದರ ಕೆಳಗೇ ಇತ್ತು, ಮೂರೇ ಸಿಲಿಂಡರಿನದು. "ಓಡ್ತಾ ಇರ್ಲಿ ಯರ್ರಪ್ಪ, ಆರಿಸ್ಬ್ಯಾಡ."

ಬಗ್ಗಿದರೆ ಬಳೆ ಕಿಣಿಕಿಣಿ ಎಂದಿತು. ಕೈ ಸಣ್ಣ ಮಾಡಿ ಒಂದೊಂದನ್ನೇ ಜಾರಿಸಿ ತೆಗೆದು ಗೇರಿನ ಕೋಲಿಗೆ ಹಾಕಿದಳು.

"ಏಯ್, ಏನ್ ಮಾಡ್ತಿದೀಯೇ!" ಎಂದು ನಾಗಕ್ಕ ಕೂಗಿದಳು.

"ಕೇಳ್ಬೇಕು ನಾಗಕ್ಕ. ಸುಮ್ನಿರು."

ಕರೆಂಟು ಹೊಡೆಯದಂತೆ ಸೆರಗಿನ ಒಣ ತುದಿಯನ್ನು ಮಡಚಿ ಹಿಡಿದು ಮೊದಲ ವೈರು ಕಿತ್ತಳು. ಇಂಜಿನ್ ಏದುಸಿರು ಬಿಟ್ಟಿತು. ಸಿಕ್ಕಿಸಿದಳು. ಎರಡನೆಯದು. ಸದ್ದು ಇದ್ದ ಹಾಗೇ ಇತ್ತು. ಮೂರನೆಯದಕ್ಕೆ ಮತ್ತೆ ಏದುಸಿರು.

ಆರು ವರ್ಷದ ಅಭ್ಯಾಸ. ಕೈ ತಾನಾಗಿಯೇ ಹಿಂದಕ್ಕೆ, ಗಂಡ ಮಲಗಿದ್ದ ಕಡೆಗೆ ಮೇಲೆದ್ದಿತು. ಎರಡು ಬೆರಳು.

ತಲೆಯಾಡಿಸುವವರಿರಲಿಲ್ಲ. ಬೆರಳು ಹಾಗೇ ಗಾಳಿಯಲ್ಲಿ ನಿಂತವು.

ಗಂಗರಾಜು ಆ ಬೆರಳುಗಳನ್ನು ನೋಡಿದ. ಅತ್ತಿಗೆಯ ಬರಿ ಮುಂಗೈ ನೋಡಿದ. ಹತ್ತಿ ತುಂಬಿದ ಅಣ್ಣನ ಕಿವಿ ನೋಡಿದ.

"ಎಷ್ಟು ದಿನದಿಂದ ಅತ್ಗೆ?"

"ಆರು ವರ್ಷ. ಪ್ಲಗ್ಗು ಬಿಚ್ಚೋ ಪಾನ ಕೊಡು."

ಅವನು ಕೊಟ್ಟ. ಇಂಜಿನ್ ಆರಿಸಿ ಬಿಚ್ಚಿ ನೋಡಿದರೆ ಎರಡನೇ ಪ್ಲಗ್ಗು ಪೆಟ್ರೋಲಿನಲ್ಲಿ ನೆಂದು, ಮಸಿ ಕಟ್ಟಿ ಕರ್ರಗಾಗಿತ್ತು. ಕರ್ಪೂರಕ್ಕೆಂದು ತಂದಿದ್ದ ಬೆಂಕಿಪೊಟ್ಟಣದ ಮಗ್ಗುಲಿಗೆ ಅದರ ತುದಿಯನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ, ಒರೆಸಿ, ಮತ್ತೆ ಬಿಗಿದಳು. ಕೀಲಿ ತಿರುವಿದ ಕೂಡಲೇ ಮೂರೂ ಸಿಲಿಂಡರು ಒಂದೇ ಉಸಿರಿನಲ್ಲಿ ಓಡಿದವು.

"ಓಬಯ್ಯನ ಕಿವಿ ಕಣಮ್ಮ ನಿಂದು!" ಎಂದ ಯರ್ರಪ್ಪ.

"ಅಲ್ಲ ಯರ್ರಪ್ಪ" ಎಂದಳು ಬೋರಕ್ಕ, ಕೈ ಒರೆಸಿಕೊಳ್ಳುತ್ತ. "ಅವ್ರುದು ನನ್ ಕಿವಿ."

ನನ್ನಿವಾಳದ ಹೊಲದಲ್ಲಿ ಮಣ್ಣು ಮುಚ್ಚಿಯಾಯಿತು. ನಾಗಕ್ಕ ಒಂದು ಕಲ್ಲು ಹುಡುಕಿಕೊಂಡು ಬಂದು "ಕೈ ಕೊಡೇ" ಎಂದಳು. ಬೋರಕ್ಕ ಕೊಟ್ಟಳು. ಬೋಳು ಮುಂಗೈ, ಉಗುರಿನವರೆಗೂ ಮಸಿ.

"ಗಂಗ, ಹೋಗು, ವ್ಯಾನಿಂದ ಬಳೆ ತಗಂಬಾ."

ಗಂಗರಾಜು ಕದಲಲಿಲ್ಲ. "ಬಿಡಕ್ಕ, ಅವು ಶೆಡ್ಡಿನ ಮೊಳೆಗೆ ಬೇಕು" ಎಂದ.

ಮತ್ತೆ ಎಲ್ಲಿ ಕೈ ಕೊಟ್ಟೀತೋ ಎಂಬ ಭಯಕ್ಕೆ ಯರ್ರಪ್ಪ ಇಂಜಿನ್ ಆರಿಸಿರಲಿಲ್ಲ. ತೆರೆದ ಬಾಗಿಲೊಳಗೆ ಗೇರಿನ ಕೋಲಿನಲ್ಲಿ ಹಸಿರು ಬಳೆಗಳು ಇಡಿಯಾಗಿ, ಒಂದೂ ತಾಳ ತಪ್ಪದೆ, ಸಣ್ಣಗೆ ಸದ್ದು ಮಾಡುತ್ತಿದ್ದವು.