ಖಲೀಲ್‌ಭಾಯಿಗೆ ಬಖೂರ್

ಹತ್ತು ದಿನದಿಂದ ಜೆರೋಮ್ ಒಣಮೀನು ಮುಟ್ಟಿರಲಿಲ್ಲ. ತಲೆಗೆ ತೆಂಗಿನೆಣ್ಣೆಯಿಲ್ಲ, ಮೈಗೆ ಸೋಪಿಲ್ಲ. ಬೂದಿ ಉಜ್ಜಿ ಮಿಂದು, ಆಡಿನ ಹಟ್ಟಿಯಲ್ಲಿ ನೇತುಹಾಕಿದ ಅಂಗಿಯನ್ನೇ ತೊಡುತ್ತಿದ್ದ. ಅವನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ ರೋಸಿ, ಈಗ ಗಬ್ಬದ ಆಡು, ಆ ಅಂಗಿಯ ತೋಳನ್ನು ನೆಕ್ಕುತ್ತಿತ್ತು.

ಅರಬ್ ದೇಶದ ತಾಯಿಫ್ ಬೆಟ್ಟದ ಮಗ್ಗುಲಿನ ತೋಟವದು. ಆಡು ಕೊಲ್ಲುವ ಕುಂಟ ನಾಯಿಗೆ ಹೋದ ತಿಂಗಳು ಎಲ್ಲರೂ ಬಂದೂಕು ಹಿಡಿದು ಕಾದು ಕೂತಾಗ ಅದು ನೀರಿನ ತೊಟ್ಟಿಯ ತನಕ ಬಂದು ಓಡಿತ್ತು. ಯಜಮಾನರು, ಭಟ್ಕಳದ ಖಲೀಲುರ್ರಹ್ಮಾನ್, ನೆಂಟರೆದುರು ಮೂಗು ಮುಚ್ಚಿಕೊಂಡಿದ್ದರು.

"ಎಂತ ತಿಂತೀಯಾ ಜೆರೋಮ? ನಾಯಿ ಬಿಡು ಮಾರಾಯ, ನಿನ್ನ ವಾಸನೆಗೆ ನಾನೇ ಓಡ್ಬೇಕು."

ಎಲ್ಲರೂ ನಕ್ಕರು. ಅವತ್ತಿನಿಂದ ಜೆರೋಮನ ತಟ್ಟೆ ಹೊರಗಿನ ಜಗಲಿಗೆ ಬಂತು.

ನಾಯಿಯನ್ನು ಓಡಿಸಿದ ವಾಸನೆ ಯಾವುದೆಂದು ಅವನಿಗೆ ಅವತ್ತೇ ಗೊತ್ತಿತ್ತು. ಅವತ್ತೂ ಶುಕ್ರವಾರ; ಶುಕ್ರವಾರ ಅಂಗಿಯೊಳಗೆ ಬಖೂರಿನ, ಅಂದರೆ ಸುಗಂಧದ ಚಕ್ಕೆಯ, ಹೊಗೆ ಹಿಡಿಯದೆ ಖಲೀಲ್‌ಭಾಯಿ ಹೊಸ್ತಿಲು ದಾಟುವವರಲ್ಲ. ಅವರ ಲೆಕ್ಕದಲ್ಲಿ ಅದು ವಾಸನೆಯೇ ಅಲ್ಲ, ಶುಚಿ. ಜೆರೋಮ್ ಗಾಳಿ ಬೆನ್ನಿಗೆ ಬೀಸಿ ನೇರ ತೊಟ್ಟಿಗೆ ಹೋಗುವ ಜಾಗ ಹುಡುಕಿ, ಅಲ್ಲೇ ಕಾದು ಕೂರಲು ಹೊಸ ಕಲ್ಲಿನ ಮರೆ ಕಟ್ಟಿದ.

ಈ ಶುಕ್ರವಾರ ನಸುಕಿಗೆ ಕೆಂಡ ಮಾಡಿದವನೂ ಅವನೇ.

"ಮುನೀಬ್‌ಭಾಯಿ ಬಂದಿದ್ದಾರಲ್ಲ. ಸ್ವಲ್ಪ ಹೊಗೆ ಹಿಡೀರಿ."

ಹೆಂಡತಿಯ ತಮ್ಮ ಮುನೀಬನೆದುರು ಖಲೀಲ್ ಖುಷಿಯಿಂದ ತೋಳು ಚಾಚಿ ನಿಂತರು. ಕೆಂಡಕ್ಕೆ ಬಖೂರಿನ ಎರಡು ಚಕ್ಕೆ ಸಾಕಿತ್ತು. ಜೆರೋಮ್ ಐದು ಹಾಕಿದ.

ಮರೆಯಲ್ಲಿ ಮೂವರೂ ಉಸಿರು ಬಿಗಿಹಿಡಿದು ಕೂತರು. ಬೆಳಕು ಹರಿಯುವಾಗ ನಾಯಿ ಬಂತು. ಖಲೀಲ್ ಬಂದೂಕು ಎತ್ತುವಷ್ಟರಲ್ಲಿ ಅದು ಮೂತಿ ಮೇಲೆ ಮಾಡಿ, ಒಮ್ಮೆ ಗಾಳಿ ಎಳೆದುಕೊಂಡು, ಬಂಡೆಗಳ ಹಿಂದೆ ಮಾಯವಾಯಿತು.

"ಮತ್ತೆ ಇವನ ನಾತ," ಎಂದರು ಖಲೀಲ್.

ಮುನೀಬ್ ಜೆರೋಮನ ಭುಜಕ್ಕೆ ಮೂಗು ತಂದು ಮೂಸಿದ. ಆಮೇಲೆ ಭಾವನ ಕಡೆ ತಿರುಗಿದ. "ಇವನಿಂದ ಆಡಿನ ವಾಸನೆ ಮಾತ್ರ ಬರ್ತದೆ ಭಾವ. ನೀವೋ, ನಿಕಾಹ್‌ಗೆ ಹೊರಟ ಮದುಮಗನ ಹಾಗೆ ಘಮಘಮ. ನಾಯಿ ಸಲಾಂ ಹೇಳಿ ಹೋಯ್ತು ಅಷ್ಟೆ."

ಅವನ ನಗು ನಿಲ್ಲಲಿಲ್ಲ. ಖಲೀಲರ ಕಿವಿ ಕೆಂಪೇರಿತು. ಜೆರೋಮ್ ನೆಲ ನೋಡುತ್ತ ಆ ನಗುವನ್ನು ನಿಧಾನಕ್ಕೆ, ಒಂದೊಂದೇ ಗುಟುಕಾಗಿ ಕುಡಿದ.

ಆಗ ಹಟ್ಟಿಯ ಕಡೆಯಿಂದ ಆಡಿನ ಚೀರಾಟ ಕೇಳಿತು.

ಮನುಷ್ಯರೆಲ್ಲ ಎಲ್ಲಿ ಕೂತಿದ್ದಾರೆಂದು ಗಾಳಿ ನಾಯಿಗೆ ಹೇಳಿತ್ತು. ಹಟ್ಟಿ ಕಾಯಬೇಕಾದ ಜೆರೋಮನೂ ಮರೆಯಲ್ಲೇ ಇದ್ದ. ಜೆರೋಮ್ ಓಡಿ ತಲುಪುವಾಗ ರೋಸಿ ಮಗ್ಗುಲಾಗಿ ಬಿದ್ದು ಕಾಲು ಬಡಿಯುತ್ತಿತ್ತು. ಕುತ್ತಿಗೆ ಹರಿದಿತ್ತು.

ಏದುಸಿರು ಬಿಡುತ್ತ ಬಂದ ಖಲೀಲ್ ತಲೆಯ ಬಟ್ಟೆ ಬಿಚ್ಚಿ ಕೊಟ್ಟರು. "ಒತ್ತಿ ಹಿಡಿ."

ಜೆರೋಮ್ ಒತ್ತಿ ಹಿಡಿದ. ಬಿಸಿ ರಕ್ತಕ್ಕೆ ಬಟ್ಟೆಯಿಂದ ಬಖೂರ್ ಗಮ್ಮೆಂದು ಎದ್ದಿತು. ರೋಸಿ ಮುಖ ಆಚೆ ತಿರುಗಿಸಿತು.

ಐದು ಚಕ್ಕೆ.