ಯಂತ್ರದ ಪಾಳಿ

ನಮ್ಮ ಶಾಲೆಗೆ ಕಂಪ್ಯೂಟರ್ ಬರಲಿಲ್ಲ, ಅದರ ಹಾಗೆ ಯೋಚಿಸುವುದನ್ನು ಹೇಳಿಕೊಡುವವರು ಮಾತ್ರ ಬಂದರು. ರಾಣೆಬೆನ್ನೂರಿನ ತರಬೇತಿದಾರ ಹಾಲೇಶಪ್ಪನವರು. ತೊಂಬತ್ತಾರನೇ ಇಸವಿಯ ಜನವರಿ. ಬ್ಯಾಡಗಿಯ ನಮ್ಮ ಪ್ರಾಥಮಿಕ ಶಾಲೆಯಲ್ಲಿ ಗೋಡೆಗಡಿಯಾರವೇ ನೆಟ್ಟಗೆ ನಡೆಯುತ್ತಿರಲಿಲ್ಲ. ಮಾಸ್ತರರು, ಮಕ್ಕಳು ಅಕ್ಕಾರು ಎನ್ನುವ ನಾವು ಶಿಕ್ಷಕಿಯರು, ಎಲ್ಲ ಮುಖ ಮುಖ ನೋಡಿಕೊಂಡೆವು.

"ಮಷೀನ್ ಬೇಕಾಗಿಲ್ರಿ," ಎಂದರು ಅವರು. "ವಿಜ್ಞಾನದ ಪ್ರಯೋಗಾನ ಸಣ್ಣ ಸಣ್ಣ ಹೆಜ್ಜಿ ಮಾಡ್ರಿ. ನಿಮ್ಮೊಳಗ ಒಬ್ಬರು ಯಂತ್ರ ಆಗ್ರಿ. ಹುಡುಗ್ರು ಹೇಳಿದ್ದಷ್ಟ ಮಾಡಬೇಕು, ಹೇಳದ್ದು ಮಾಡಬಾರದು. ಎಲ್ಲಿ ತಪ್ಪೇತಿ ಅಂತ ಅವರ ಹುಡಕತಾರ."

ಯಂತ್ರ ಯಾರಾಗುತ್ತೀರಿ ಎಂದಾಗ ನಾನು ಕೈ ಎತ್ತಿದೆ. ಹೇಳಿದ್ದಷ್ಟೇ ಮಾಡುವುದು ನನಗೆ ರೂಢಿಯಾಗಿತ್ತು.

ಗಂಡ ಮಕ್ತುಮಸಾಬ ಕಾಮಾಲೆಯಲ್ಲಿ ತೀರಿಕೊಂಡಿದ್ದ. ವಿಧವೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ತಿಂಗಳುಗಳನ್ನು ಮುಗಿಸಿ ನಾನು ಆಗಷ್ಟೇ ಕೆಲಸಕ್ಕೆ ಬಂದಿದ್ದೆ. ಆ ತಿಂಗಳುಗಳಲ್ಲಿ ಕೂಡು ಎಂದರೆ ಕೂತೆ, ಉಣ್ಣು ಎಂದರೆ ಉಂಡೆ. ದುಃಖವಾಯಿತೇ ಎಂದು ಕೇಳಿದರೆ, ಏನೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ನಾನಿಡೀ ಜೋಮು ಹಿಡಿದಿದ್ದೆ. ತರಬೇತಿಯ ಹಿಂದಿನ ದಿನ ಗಂಡನ ಅಣ್ಣ ಇಸ್ಮಾಯಿಲಸಾಬರು, ನೌಕರಿ ಬಿಟ್ಟು ಐರಣಿ ಊರಿನ ತಮ್ಮ ಮನೆಗೆ ಬಂದುಬಿಡು, ನಾಳೆ ಹೆಡ್‌ಮಾಸ್ತರಿಗೆ ಹೇಳಿ ಬಾ ಎಂದರು. ಅದಕ್ಕೂ ಹೂಂ ಎಂದಿದ್ದೆ. ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳುವವರು. ಅಂಥವರಿಗೆ ಇಲ್ಲ ಎನ್ನುವುದು ಇನ್ನೂ ಕಷ್ಟ. ಮದುವೆಗೆ ಮುಂಚೆ ನಾನೇ ಓದಿ ಗಳಿಸಿದ ನೌಕರಿ ತರಬೇತಿಯ ದಿನ ಸಂಜೆಗೆ ಹೋಗುವುದಿತ್ತು.

ಒಂದು ಗ್ಲಾಸು ನೀರಿನಲ್ಲಿ ಎಷ್ಟು ಉಪ್ಪು ಕರಗುತ್ತದೆ ಎಂಬುದು ಪ್ರಯೋಗ. ನಾಲ್ಕನೇ ಇಯತ್ತೆಯ ಮಕ್ಕಳು ಗುಸುಗುಸು ಮಾತಾಡಿಕೊಂಡು ಕಡೆಗೆ ಒಟ್ಟಾಗಿ ಅಪ್ಪಣೆ ಕೊಟ್ಟರು.

"ಒಂದ ಚಮಚ ಉಪ್ಪು ಹಾಕ್ರಿ. ಕಲಕ್ರಿ. ಮತ್ತ ಹಾಕ್ರಿ. ಹಿಂಗ ಮಾಡಕೋಂತ ಇರ್ರಿ."

ಎಲ್ಲಿ ನಿಲ್ಲಿಸಬೇಕೆಂದು ಹೇಳಲಿಲ್ಲ. ಹಾಲೇಶಪ್ಪನವರ ಕಣ್ಣು ಮಿಂಚಿತು. ಮಕ್ಕಳು ಹುಡುಕಬೇಕಾದ ತಪ್ಪು ಅದೇ.

ನಾನು ಹಾಕಿದೆ, ಕಲಕಿದೆ, ಮತ್ತೆ ಹಾಕಿದೆ. ಮೊದಮೊದಲು ಮಕ್ಕಳು ನಕ್ಕರು. ಉಪ್ಪು ಕರಗದೆ ತಳ ಹಿಡಿಯಿತು. ನಾನು ಹಾಕುತ್ತಲೇ ಇದ್ದೆ. ನೀರು ಉಕ್ಕಿ ಮೇಜಿಗೆ ಹರಿದು ನನ್ನ ಸೀರೆಗೆ ಸೋರಿತು. ನಗು ನಿಂತಿತು. ತಪ್ಪು ಎಲ್ಲರಿಗೂ ಕಾಣುತ್ತಿತ್ತು. ಆದರೆ ಅಕ್ಕಾರಿಗೆ ನಿಲ್ಲಿಸಿ ಎನ್ನುವ ಮಕ್ಕಳು ನಮ್ಮ ಕಡೆ ಎಲ್ಲಿದ್ದಾರೆ? ಗಂಡನನ್ನು ಕಳೆದುಕೊಂಡವಳಿಗೆ ಸಾಕು ಎನ್ನಲು ಹಾಲೇಶಪ್ಪನವರಿಗೂ ಬಾಯಿ ಬರಲಿಲ್ಲ. ಎಲ್ಲರೂ ಬಲು ಮರ್ಯಾದೆಯಿಂದ ನೋಡುತ್ತ ಕೂತರು.

ಕಡೆಗೆ ಗುತ್ತೆವ್ವ ಎಂಬ ಹುಡುಗಿ ಎದ್ದು ಬಂದು ನನ್ನ ಮುಂಗೈ ಹಿಡಿದಳು.

"ಸಾಕ್ರಿ ಅಕ್ಕಾರ. ಇನ್ನ ಕರಗೂದಿಲ್ಲ."

"ನಿಲ್ಲಸಂತ ನೀವು ಹೇಳಲಿಲ್ಲಲ್ಲ," ಎಂದೆ, ಪಾಠದ ಪ್ರಕಾರ.

"ನಾವು ಮರ್ತಿದ್ವಿ, ಖರೇ. ಆದ್ರ ನಿಮಗ ಕಾಣಾಕತ್ತಿತ್ತಲ್ರಿ."

ಹಾಲೇಶಪ್ಪನವರು ಹಿಗ್ಗಿ ಹೋಗಿ, 'ಕರಗದಿದ್ದರೆ ನಿಲ್ಲಿಸು' ಎಂದು ಫಳಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಶಿಕ್ಷಕರು ಬರೆದುಕೊಂಡರು. ನನಗೆ ಮಾತ್ರ ಸಿಟ್ಟು ಬಂತು. ಹುಡುಗಿಯ ಮೇಲಲ್ಲ, ನನ್ನ ಮೇಲೆ. ಎಷ್ಟೋ ತಿಂಗಳ ಮೇಲೆ ಏನೋ ಒಂದು ಬಂದಿತ್ತು.

ಸಂಜೆ ಹೆಡ್‌ಮಾಸ್ತರ ಕೋಣೆಯ ಮುಂದೆ ಹಾದುಹೋದೆ, ಒಳಗೆ ಹೋಗಲಿಲ್ಲ. ಗೇಟಿನಲ್ಲಿ ಇಸ್ಮಾಯಿಲಸಾಬರು ಸ್ಕೂಟರ್ ಹಿಡಿದು ನಿಂತಿದ್ದರು. ಮಂದಿ ಇದ್ದುದರಿಂದ ಉರ್ದು ಬಿಟ್ಟು ಕನ್ನಡದಲ್ಲೇ ಕೇಳಿದರು.

"ಹೇಳಿ ಬಂದಿಯೇನು ಮುಮ್ತಾಜ?"

"ಇಲ್ರಿ ಭಾಯಿಜಾನ್. ನಾ ನೌಕರಿ ಬಿಡೂದಿಲ್ಲ. ಇಲ್ಲೇ ಇರತೇನಿ."

"ನಿನ್ನೆ ಹೂಂ ಅಂದಿದ್ದಿ."

"ಅಂದಿದ್ದೆರಿ. ಏನ್ ಕೇಳಿದ್ರೂ ಹೂಂ ಅಂತಿದ್ದೆ."

ಅವರು ಸ್ಕೂಟರ್ ಚಾಲೂ ಮಾಡಿ, ಹಿಂದೆ ಹತ್ತು, ಮನೆಗೆ ಬಿಡುತ್ತೇನೆ ಎಂದರು. ನಡೆದು ಬರುತ್ತೇನೆ ಎಂದೆ.

ಮೆಣಸಿನಕಾಯಿ ಪೇಟೆ ಮುಟ್ಟುವಷ್ಟರಲ್ಲಿ ಅಳು ಬಂತು. ನನ್ನ ಗಂಡನಿಗಾಗಿ ಅತ್ತೆ, ಮೂಗು ಬಾಯಿ ಸೋರಿಸಿಕೊಂಡು ಅತ್ತೆ. ಸುಗ್ಗಿಯ ಘಾಟಿಗೆ ದಾರಿಯ ಮಂದಿಯೆಲ್ಲ ಸೀನುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾಕೆ ಅಳುತ್ತೀ ಎಂದು ಒಬ್ಬರೂ ಕೇಳಲಿಲ್ಲ.