ಐದು ವೋಲ್ಟಿನ ಬೆಳಕು

ಗುರುವಾಯನಕೆರೆಯ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಶ್ರವಣನ ಕಂಪ್ಯೂಟರ್ ರಿಪೇರಿ ಅಂಗಡಿ. ಹನ್ನೆರಡು ವರ್ಷದಲ್ಲಿ ಅವನು ಗಿರಾಕಿಯ ಮುಂದೆ ‘ನನಗೆ ಗೊತ್ತಿಲ್ಲ’ ಎಂದವನಲ್ಲ. ಗೊತ್ತಿಲ್ಲದ್ದು ಬಂದರೆ ‘ನಾಳೆ ಬನ್ನಿ’ ಎನ್ನುತ್ತಿದ್ದ. ಮನೆಗೆ ಹೋಗಿ ಮೊಬೈಲಿನಲ್ಲಿ ನೋಡಿ ಕಲಿತು, ಮರುದಿನ ಹುಟ್ಟುವಾಗಲೇ ಬಲ್ಲವನ ಗತ್ತಿನಲ್ಲಿ ಮಾಡಿಕೊಡುತ್ತಿದ್ದ. ಊರಲ್ಲಿ ಹೆಸರು ಬಂದದ್ದು ಹಾಗೆ. ಆ ಹೆಸರೇ ಅವನನ್ನು ಕೆಡಿಸಿತು.

ಒಂದು ಸೋಮವಾರ ವಿಸ್ಮಿತಾ ತನ್ನ ಅಣ್ಣನ ಕಂಪ್ಯೂಟರನ್ನು ರಿಕ್ಷಾದಲ್ಲಿ ತಂದಳು. ಜೊತೆಗೆ ಮೂರು ಹೊಸ ಫ್ಯಾನು, ಬಣ್ಣದ ಬೆಳಕು ಬರುವಂಥವು. ಅಣ್ಣ ವಸಂತ ಮದುವೆ ಮನೆಗಳಿಗೆ ಲೈಟಿಂಗ್ಸ್ ಕಟ್ಟುತ್ತಿದ್ದವನು. ಮೂರು ವರ್ಷದ ಹಿಂದೆ ಪುತ್ತಿಗೆಯಲ್ಲಿ ಚಪ್ಪರದ ಮೇಲಿಂದ ಬಿದ್ದ. ಅಂದಿನಿಂದ ಸೊಂಟದ ಕೆಳಗೆ ಬಲವಿಲ್ಲ. ಈಗ ಮಲಗಿದಲ್ಲೇ ಕೀಬೋರ್ಡನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮೂಡುಬಿದಿರೆಯ ಒಂದು ಪ್ರೆಸ್ಸಿಗೆ ಮದುವೆ ಕಾಗದ ಡಿಸೈನ್ ಮಾಡುತ್ತಾನೆ. ಮನೆಯ ಅಕ್ಕಿ ಬೇಳೆ, ಅವನ ಔಷಧಿ, ತಂಗಿಯ ಕಾಲೇಜು, ಎಲ್ಲ ನಡೆಯುತ್ತಿದ್ದದ್ದು ಆ ಒಂದು ಪೆಟ್ಟಿಗೆಯಿಂದ.

“ಮಲಗಿದವನಿಗೆ ಮೇಲಿನ ಮಾಡು ಮಾತ್ರ ಕಾಣುವುದಲ್ವಾ ಶ್ರವಣಣ್ಣ, ಅಲ್ಲಿ ಸ್ವಲ್ಪ ಬಣ್ಣ ಓಡಾಡಲಿ ಅಂತ ಅವನಿಗೆ ಆಸೆ” ಎಂದಳು ವಿಸ್ಮಿತಾ. “ಇದೊಂದು ಚೀಟಿ ಕೊಟ್ಟಿದ್ದಾನೆ, ಓದಬೇಕಂತೆ.”

ಶ್ರವಣನಿಗೆ ಚುರ್ರೆಂದಿತು. ಹಾಸಿಗೆಯಲ್ಲಿ ಬಿದ್ದುಕೊಂಡವನು ನನಗೆ ಪಾಠ ಹೇಳುವುದೇ? ಚೀಟಿಯನ್ನು ಓದದೆ ಕಿಸೆಗೆ ತುರುಕಿದ. “ಸಂಜೆ ನಾಲ್ಕಕ್ಕೆ ಬಾ, ಆಗ್ತದೆ.”

ಪೆಟ್ಟಿಗೆ ಬಿಚ್ಚಿದರೆ, ಮದರ್‌ಬೋರ್ಡಿನಲ್ಲಿ ಲೈಟಿಗೆಂದು ಇದ್ದದ್ದು ಒಂದೇ ಜಾಗ, ನಾಲ್ಕು ಪಿನ್ನಿನದು. ಫ್ಯಾನಿನ ಪ್ಲಗ್ಗಿನಲ್ಲಿ ತೂತು ಮೂರೇ. ನಾಲ್ಕನೆಯದರ ಜಾಗವನ್ನು ಮಾಡಿದವರೇ ಮುಚ್ಚಿ ಕಳಿಸಿದ್ದರು. ಇಲ್ಲಿಗೆ ಹಾಕಬೇಡ ಮಾರಾಯ ಎಂದು ಪ್ಲಾಸ್ಟಿಕ್ಕೇ ಕೈಮುಗಿದು ಹೇಳುತ್ತಿತ್ತು. ಬೇಕಾದದ್ದು ಲೈಟಿಗೆ ತಕ್ಕಷ್ಟೇ ಕರೆಂಟು ಕೊಡುವ ಒಂದು ಸಣ್ಣ ಕಂಟ್ರೋಲರ್ ಡಬ್ಬಿ, ಮಂಗಳೂರಿನಿಂದ ಎರಡು ದಿನದಲ್ಲಿ ಬರುವಂಥದ್ದು. ಆದರೆ ಸಂಜೆ ನಾಲ್ಕಕ್ಕೆ ಎಂದು ಬಾಯಿ ಬಿಟ್ಟಾಗಿದೆ. ಶ್ರವಣ ಮೂರೂ ಫ್ಯಾನಿನ ವಯರನ್ನು ಒಂದಕ್ಕೊಂದು ಸಿಕ್ಕಿಸಿ, ಸೂಜಿ ಕಾಯಿಸಿ, ಮುಚ್ಚಿದ್ದ ತೂತನ್ನು ಬಿಡಿಸಿ, ಮೊದಲನೆಯದರ ಪ್ಲಗ್ಗನ್ನು ಒತ್ತಿ ಕೂರಿಸಿದ. ಸ್ವಿಚ್ ಹಾಕಿದ.

ಮೂರೂ ಫ್ಯಾನು ಒಮ್ಮೆಲೇ ಹೊತ್ತಿದವು. ಹಾಲಿನಂಥ ಬಿಳಿ ಬೆಳಕು ಅಂಗಡಿಯ ಗೋಡೆ, ಮಾಡು ಎಲ್ಲ ಕಡೆ ಚೆಲ್ಲಿತು. ಅವನು ‘ಆಹಾ’ ಎನ್ನುವಷ್ಟರಲ್ಲಿ ಆರಿತು. ಕರಟಿದ ವಾಸನೆ ಬಂತು. ಪ್ಲಗ್ಗು ಕೂತಿದ್ದ ಜಾಗ ಕಪ್ಪಾಗಿತ್ತು. ಮತ್ತೆ ಸ್ವಿಚ್ ಹಾಕಿದರೆ ಕಂಪ್ಯೂಟರಿಗೆ ಜೀವವೇ ಇಲ್ಲ.

ಆಗ ಅವನಿಗೆ ಚೀಟಿಯ ನೆನಪಾಯಿತು. ‘ಫ್ಯಾನಿನ ಲೈಟು ಐದು ವೋಲ್ಟಿನದ್ದು. ಬೋರ್ಡಿನಲ್ಲಿರುವುದು ಹನ್ನೆರಡು. ನೇರ ಹಾಕಬೇಡಿ ಅಣ್ಣ. ಡಬ್ಬಿ ತರಿಸುವುದಾದರೆ ಕಾಯುತ್ತೇನೆ.’

ಕಾಯುತ್ತೇನೆ ಎಂಬ ಮಾತನ್ನು ಅವನು ಎರಡು ಸಲ ಓದಿದ. ಆದರೂ ನಾಲ್ಕು ಗಂಟೆಗೆ ವಿಸ್ಮಿತಾ ಬಂದಾಗ ಅವನ ಬಾಯಿಂದ ಬಂದದ್ದು ಬೇರೆ ಮಾತು. “ಫ್ಯಾನೇ ಹಾಳು ಮಾಲು. ಹೊತ್ತಲೇ ಇಲ್ಲ. ಬೋರ್ಡನ್ನೂ ತಿಂದು ಹಾಕಿತು.” ಅಷ್ಟು ಹೊತ್ತಿಗೆ ಮೂರೂ ಪ್ಲಗ್ಗನ್ನು ಕತ್ತರಿಸಿ ಕಸಕ್ಕೆ ಹಾಕಿದ್ದ.

ಪೆಟ್ಟಿಗೆ, ಫ್ಯಾನು ಮನೆಗೆ ತಲುಪಿದ್ದೇ ವಸಂತ ಫೋನ್ ಮಾಡಿದ. “ಪ್ಲಗ್ ಎಲ್ಲಿ ಶ್ರವಣಣ್ಣ? ಹನ್ನೆರಡಕ್ಕೆ ಹಾಕಿದ್ರಾ?” ಶ್ರವಣ ದನಿ ಏರಿಸಿದ. “ನನಗೆ ಕೆಲಸ ಕಲಿಸ್ತೀಯಾ?”

ಮರುದಿನ ವಸಂತನ ಅಪ್ಪ ಕೂಸಪ್ಪ ಅಳದಂಗಡಿ ಕಡೆಯಿಂದ ಬಸ್ಸಿನಲ್ಲಿ ಬಂದರು. ಜಗಳಕ್ಕಲ್ಲ. “ಶ್ರವಣರೇ, ಮಗ ಒಂದು ಹೇಳ್ತಾನೆ, ನೀವು ಒಂದು ಹೇಳ್ತೀರಿ. ನನಗೆ ವಯರೂ ಗೊತ್ತಿಲ್ಲ, ವೋಲ್ಟೂ ಗೊತ್ತಿಲ್ಲ. ಆದಿತ್ಯವಾರ ನಮ್ಮ ದೈವದ ಚಾವಡಿಗೆ ಬಂದು ದೀಪದ ಎದುರು ಪ್ರಮಾಣ ಮಾಡಿ ಒಂದು ಮಾತು ಹೇಳಿ. ಮತ್ತೆ ನಾನು ಕೇಳುವುದಿಲ್ಲ.”

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. ಬರುವುದಿಲ್ಲವೆಂದರೆ ಒಪ್ಪಿಕೊಂಡ ಹಾಗೆ. ಶ್ರವಣ ಹೋದ. ಹತ್ತು ಮಂದಿಯ ಮುಂದೆ ದೀಪಕ್ಕೆ ಕೈಮುಗಿದು, “ನನ್ನ ಕೈಯಿಂದ ತಪ್ಪಾಗಲಿಲ್ಲ” ಎಂದ. ನಾಲಿಗೆ ತಡವರಿಸಲಿಲ್ಲ. ದೈವವೂ ಸುಮ್ಮನಿತ್ತು.

ಕೂಸಪ್ಪ ತಲೆಯಾಡಿಸಿದರು. ಪ್ರಮಾಣ ಆದ ಮೇಲೆ ಆ ಎರಡು ಮನೆಗಳ ನಡುವೆ ಕೊಟ್ಟು ತೆಗೆದುಕೊಳ್ಳುವುದು ನಿಂತಿತು. ಒಂದು ಲೋಟ ನೀರೂ ದಾಟುವ ಹಾಗಿಲ್ಲ. ಅದೇ ದೀಪದ ಎದುರು, ಅದೇ ಹತ್ತು ಮಂದಿಯ ಮುಂದೆ ತಪ್ಪೊಪ್ಪಿ ಪ್ರಮಾಣ ಬಿಡಿಸಿಕೊಂಡರೆ ಮಾತ್ರ ಬಿಡುಗಡೆ. ಶ್ರವಣನಿಗೂ ಇದು ಚಿಕ್ಕಂದಿನಿಂದ ಗೊತ್ತಿದ್ದ ಕಟ್ಟಳೆ. ಚಾವಡಿಗೆ ಹೊರಟು ಬೈಕು ಹತ್ತುವಾಗ ಅದು ನೆನಪಿಗೆ ಬರಲಿಲ್ಲ, ಅಷ್ಟೇ.

ಆ ಜಾತಿಯ ಹಳೆಯ ಬೋರ್ಡು ಈಗ ಸುಲಭದಲ್ಲಿ ಸಿಗುವುದಿಲ್ಲ. ಹೊಸ ಕಂಪ್ಯೂಟರ್ ಕೊಳ್ಳುವ ಶಕ್ತಿ ಆ ಮನೆಗಿಲ್ಲ. ಮದುವೆಯ ಸೀಸನ್ ಶುರುವಾಗಿತ್ತು. ಪ್ರೆಸ್ಸಿನವರು ಎರಡು ವಾರ ಕಾದು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ವಿಸ್ಮಿತಾ ಕಾಲೇಜು ಬಿಟ್ಟು ಗೇರುಬೀಜದ ಫ್ಯಾಕ್ಟರಿಗೆ ಸೇರಿದಳು. ದಿನಾ ಬೆಳಿಗ್ಗೆ ಶ್ರವಣ ಶಟರ್ ಎತ್ತುವಾಗ ಅವಳು ಕೆಳಗೆ ಮೂಡುಬಿದಿರೆ ಬಸ್ಸಿಗೆ ನಿಂತಿರುತ್ತಿದ್ದಳು. ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ. ಅವನಿಗೆ ಊಟ ಸೇರದಾಯಿತು.

ಒಂದೂವರೆ ತಿಂಗಳು ಹುಡುಕಿದ ಮೇಲೆ ಮಂಗಳೂರಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದೇ ಬೋರ್ಡು ಸಿಕ್ಕಿತು. ಅದನ್ನೂ ಒಂದು ಕಂಟ್ರೋಲರ್ ಡಬ್ಬಿಯನ್ನೂ ಹಿಡಿದು ಶ್ರವಣ ಕೂಸಪ್ಪನ ಅಂಗಳಕ್ಕೆ ಹೋದ. ಕೂಸಪ್ಪ ಜಗಲಿಯಿಂದ ಎದ್ದು ನಿಂತರು. ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ.

“ಕೂಸಪ್ಪಣ್ಣ, ಬೋರ್ಡು ಉಂಟು. ಕೂರಿಸಿ ಕೊಡ್ತೇನೆ. ಏನೂ ಕೊಡುವುದು ಬೇಡ.”

“ತೆಗೆದುಕೊಳ್ಳುವ ಹಾಗಿಲ್ಲ ಶ್ರವಣರೇ. ತೆಗೆದುಕೊಂಡರೆ ನಿಮ್ಮ ಪ್ರಮಾಣದ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಆಗ್ತದೆ. ನಿಮ್ಮದು ತಪ್ಪಿಲ್ಲದಿದ್ದರೆ ಇದನ್ನು ಯಾಕೆ ಕೊಡ್ತೀರಿ? ತಪ್ಪಿದ್ದರೆ ಚಾವಡಿಯಲ್ಲಿ ಹೇಳಿ. ಹತ್ತು ಮಂದಿಯನ್ನು ನಾನೇ ಕರೀತೇನೆ. ಆಮೇಲೆ ಕೊಡಿ, ಕೈಚಾಚಿ ತೆಗೆದುಕೊಳ್ತೇನೆ.”

ಒಂದು ಮಾತು ಸಾಕಿತ್ತು. ಬೋರ್ಡು ಒಳಗೆ ಹೋಗುತ್ತಿತ್ತು, ಹುಡುಗಿ ಕಾಲೇಜಿಗೆ ಹೋಗುತ್ತಿದ್ದಳು. ಶ್ರವಣ ಆ ಹತ್ತು ಮಂದಿಯನ್ನು ನೆನೆದ. ಅವರಲ್ಲಿ ಆರು ಮಂದಿ ಅವನ ಗಿರಾಕಿಗಳು. ನಾಳೆ ಬಸ್ ನಿಲ್ದಾಣದಲ್ಲಿ ಏನು ಮಾತಾಡಿಕೊಳ್ಳುತ್ತಾರೆಂದು ಅವನ ಕಿವಿಗೆ ಈಗಲೇ ಕೇಳಿಸಿತು. ಬೋರ್ಡಿನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡ.

ಆಗ ಜಗಲಿಯ ಪಕ್ಕದ ಕಿಟಕಿಯೊಳಗಿಂದ ವಸಂತನ ದನಿ ಬಂತು. ಸಿಟ್ಟಿನ ದನಿಯಲ್ಲ.

“ಶ್ರವಣಣ್ಣ, ಒಂದೇ ಕೇಳ್ತೇನೆ. ಆ ದಿನ ಫ್ಯಾನು ಒಂದು ಸಲವಾದರೂ ಹೊತ್ತಿತ್ತಾ? ಒಂದು ಕ್ಷಣ?”

ಅಂಗಡಿಯ ಮಾಡಿನ ತುಂಬ ಚೆಲ್ಲಿದ ಆ ಬಿಳಿ ಬೆಳಕು ಶ್ರವಣನ ಕಣ್ಣಿಗೆ ಕಟ್ಟಿತು. ಹೌದು ಎಂದರೆ ಫ್ಯಾನು ಸರಿಯಿತ್ತು ಎಂದಾಗುತ್ತದೆ. ಕೂಸಪ್ಪ ಅವನ ಮುಖವನ್ನೇ ನೋಡುತ್ತಿದ್ದರು.

“ಇಲ್ಲ ವಸಂತ, ಹೊತ್ತಲೇ ಇಲ್ಲ” ಎಂದ.

ಮತ್ತೆ ವಸಂತ ಅಪ್ಪನಿಗೆ ಹೇಳುವುದು ಕೇಳಿಸಿತು. “ಹಾಗಾದರೆ ತಪ್ಪು ನನ್ನದೇ ಅಪ್ಪ. ಹಾಳು ಮಾಲು ತರಿಸಿದ್ದು ನಾನೇ ಅಲ್ವಾ. ತಂಗಿಗೆ ಹೇಳಿ, ಶ್ರವಣಣ್ಣನನ್ನು ನೋಡಿ ಮುಖ ತಿರುಗಿಸುವುದು ಬೇಡ.”